ನಗುವ ಸ್ಯಾಲ್ ಮತ್ತು ನಾಲ್ಕಾಣೆ ಭವಿಷ್ಯ

ಚಿಕ್ಕವನಿದ್ದಾಗ ರೈಲ್ವೆ ಸ್ಟೇಷನ್ನಿಗೆ ಹೋದರೆ ನಾನು ರೈಲಿಗಿಂತ ಮೊದಲು ಹುಡುಕುತ್ತಿದ್ದದ್ದು ತೂಕದ ಮಿಷನ್ನನ್ನು. ನಿಮಗೂ ನೆನಪಿರಬೇಕಲ್ಲ? ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಗಾಜಿನೊಳಗೆ ತಿರುಗುವ ಚಕ್ರ, ಹತ್ತಿ ಆರುವ ಬಣ್ಣದ ಬಲ್ಬುಗಳು. ಮೇಲೆ ನಿಂತು, ಚಕ್ರ ನಿಲ್ಲುವವರೆಗೆ ಉಸಿರು ಬಿಗಿಹಿಡಿದು, ನಾಣ್ಯ ಹಾಕಿದರೆ ಒಳಗೆಲ್ಲೋ 'ಖಟಕ್' ಎಂದು ಸದ್ದಾಗಿ ಪುಟ್ಟ ರಟ್ಟಿನ ಚೀಟಿಯೊಂದು ಬೀಳುತ್ತಿತ್ತು. ಅದರಲ್ಲಿ ತೂಕ, ಜೊತೆಗೊಂದು ಸಾಲು ಭವಿಷ್ಯ. ತೂಕ ಯಾರಿಗೆ ಬೇಕಿತ್ತು ಹೇಳಿ... ನಮಗೆ ಬೇಕಿದ್ದದ್ದು ಆ ಒಂದು ಸಾಲು ಮತ್ತು ಆ 'ಖಟಕ್'.

ಮರೆತೇ ಹೋಗಿದ್ದ ಈ ಸದ್ದು ಮತ್ತೆ ಕಿವಿಗೆ ಬಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಊರಿಂದ ಬಂದಿದ್ದ ಅಮ್ಮನನ್ನು ಫಿಶರ್ಮನ್ಸ್ ವಾರ್ಫ್ ತೋರಿಸಲು ಕರೆದುಕೊಂಡು ಹೋಗಿದ್ದೆ. ಬೇ ಏರಿಯಾದಲ್ಲಿರುವ ಕನ್ನಡಿಗರಿಗೆಲ್ಲ ಗೊತ್ತು, ಊರಿಂದ ಬಂದವರಿಗೆ ತೋರಿಸುವ ಪಟ್ಟಿ ಒಂದೇ: ಕೆಂಪು ಸೇತುವೆ, ಅಂಕುಡೊಂಕಿನ ರಸ್ತೆ, ಪಿಯರ್ 39ರ ಸೀ ಲಯನ್‌ಗಳು. ಅದೆಲ್ಲ ಮುಗಿದು ಪಿಯರ್ 45ರ ಕಡೆ ನಡೆಯುವಾಗ ಒಂದು ಗೋದಾಮಿನ ಬಾಗಿಲಿಂದ ಹೆಂಗಸೊಬ್ಬಳು ಬಿದ್ದು ಬಿದ್ದು ನಗುವ ಸದ್ದು.

"ಯಾರೋ ಅದು, ಮೈಮೇಲೆ ಬಂದವರ ಹಾಗೆ ನಗ್ತಿರೋದು?" ಅಂದರು ಅಮ್ಮ.

ಒಳಗೆ ಹೋಗಿ ನೋಡಿದರೆ ಗಾಜಿನ ಹಿಂದೆ ಒಂದು ದೊಡ್ಡ ಗೊಂಬೆ. ಆಳೆತ್ತರಕ್ಕಿಂತ ಹೆಚ್ಚು. ಕೆಂಪು ಗುಂಗುರು ಕೂದಲು, ತಲೆಗೆ ಹ್ಯಾಟು, ಮುಂದಿನ ಒಂದು ಹಲ್ಲು ಇಲ್ಲ. ನಾಣ್ಯ ಹಾಕಿದರೆ ಸೊಂಟ ಬಳುಕಿಸಿ, ಕೈ ಬೀಸಿ, ಹಿಂದೆ ಮುಂದೆ ಓಲಾಡಿ ನಗುತ್ತಾಳೆ. ನಿಲ್ಲಿಸುವುದೇ ಇಲ್ಲ. ಮೊದಲ ಹತ್ತು ಸೆಕೆಂಡು ನಮಗೂ ನಗು ಬರುತ್ತದೆ. ಆಮೇಲೆ ಸ್ವಲ್ಪ ಹೆದರಿಕೆ. ಕೊನೆಗೆ ಮತ್ತೆ ನಗು. ಅಮ್ಮನಿಗೂ ಅದೇ ಕ್ರಮದಲ್ಲಿ ಆಯಿತು :-)

ಅವಳ ಹೆಸರು ಲಾಫಿಂಗ್ ಸ್ಯಾಲ್. ಆ ಗೋದಾಮಿನ ಹೆಸರು ಮ್ಯೂಸೀ ಮೆಕಾನೀಕ್. ಹಳೆಯ ಕಾಲದ, ನಾಣ್ಯ ಹಾಕಿ ಆಡುವ ಯಂತ್ರಗಳ ಸಂಗ್ರಹ. ಅವತ್ತು ಮನೆಗೆ ಬಂದಮೇಲೂ ಸ್ಯಾಲ್ ತಲೆಯಿಂದ ಇಳಿಯಲಿಲ್ಲ. ಇವಳು ಎಲ್ಲಿಂದ ಬಂದಳು, ಹೇಗೆ ಉಳಿದಳು ಎಂದು ಓದುತ್ತಾ ಹೋದೆ. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳದಿದ್ದರೆ ಸಮಾಧಾನವಿಲ್ಲ. ಸ್ವಲ್ಪ ಉದ್ದವಾದೀತು, ಕಾಫಿ ಹಿಡಿದುಕೊಂಡು ಕೂತುಕೊಳ್ಳಿ.

*

ಸ್ಯಾನ್ ಫ್ರಾನ್ಸಿಸ್ಕೋದ ಪಶ್ಚಿಮದ ಅಂಚಿನಲ್ಲಿ, ಊರು ಮುಗಿದು ಪೆಸಿಫಿಕ್ ಸಾಗರ ಶುರುವಾಗುವ ಕಡೆ, ಓಷನ್ ಬೀಚ್ ಇದೆ. ಈಗ ಅಲ್ಲಿ ಮರಳು, ಗಾಳಿ, ಮಂಜು, ರಸ್ತೆಯಾಚೆ ಸಾಲು ಅಪಾರ್ಟ್‌ಮೆಂಟುಗಳು. 1972ರವರೆಗೆ ಅದೇ ಜಾಗದಲ್ಲಿ 'ಪ್ಲೇಲ್ಯಾಂಡ್ ಅಟ್ ದ ಬೀಚ್' ಎಂಬ ಮನರಂಜನಾ ಪಾರ್ಕ್ ಇತ್ತು.

ಶುರುವಿನಲ್ಲಿ ಅದು ಒಬ್ಬರ ಪಾರ್ಕ್ ಆಗಿರಲಿಲ್ಲ, ನಮ್ಮ ಜಾತ್ರೆಯ ಹಾಗೆ ಒಬ್ಬೊಬ್ಬರದು ಒಂದೊಂದು ಅಂಗಡಿ. ಚಾರ್ಲ್ಸ್ ಲೂಫ್ ಎಂಬ ಕುಶಲಕರ್ಮಿ 1906ರಲ್ಲಿ ಮಾಡಿದ ಮರದ ಕುದುರೆಗಳ ಮೆರ್ರಿ-ಗೋ-ರೌಂಡ್, ನೀರಿಗೆ ಜಾರುವ ದೋಣಿಗಳು, 1922ರಲ್ಲಿ ಬಂದ 'ಬಿಗ್ ಡಿಪ್ಪರ್' ಎಂಬ ರೋಲರ್ ಕೋಸ್ಟರ್. 1923ರಲ್ಲಿ ಜಾರ್ಜ್ ವಿಟ್ನಿ ಮತ್ತು ಲಿಯೋ ವಿಟ್ನಿ ಎಂಬ ಅಣ್ಣತಮ್ಮಂದಿರು ಅಲ್ಲಿಗೆ ಬಂದರು. ಗುರಿ ಹೊಡೆಯುವ ಅಂಗಡಿ, ನಿಂತ ಕಾಲಲ್ಲೇ ಫೋಟೋ ತೆಗೆದು ಕೊಡುವ ಅಂಗಡಿ, ಇವು ಅವರ ದಂಧೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಉಳಿದವರು ಕೈಚೆಲ್ಲುತ್ತಿದ್ದಂತೆ ವಿಟ್ನಿಗಳು ಒಂದೊಂದನ್ನೇ ಕೊಂಡುಕೊಳ್ಳುತ್ತಾ ಹೋದರು. 1937ರಲ್ಲಿ ಪಕ್ಕದ ಬಂಡೆಯ ಮೇಲಿನ ಕ್ಲಿಫ್ ಹೌಸ್ ಎಂಬ ಹೋಟೆಲು, 1952ರಲ್ಲಿ ಅದರಾಚೆಯ ಸೂತ್ರೋ ಬಾತ್ಸ್ ಎಂಬ ಭಾರೀ ಗಾಜಿನ ಈಜುಕೊಳದ ಕಟ್ಟಡ, ಎರಡೂ ವಿಟ್ನಿಗಳ ಪಾಲಾದವು. ಬಿಸ್ಕತ್ತುಗಳ ಮಧ್ಯೆ ಐಸ್‌ಕ್ರೀಮ್ ಇಟ್ಟು ಚಾಕೊಲೇಟಿನಲ್ಲಿ ಅದ್ದಿದ 'ಇಟ್ಸ್-ಇಟ್' ಎಂಬ ತಿಂಡಿ ಹುಟ್ಟಿದ್ದೂ 1928ರಲ್ಲಿ ಇದೇ ಪ್ಲೇಲ್ಯಾಂಡಿನಲ್ಲಿ. ಬೇ ಏರಿಯಾದವರು ಅಂಗಡಿಯ ಫ್ರೀಜರಿನಲ್ಲಿ ಅದನ್ನು ನೋಡಿಯೇ ಇರುತ್ತೀರಿ. ಪಾರ್ಕ್ ಹೋಯಿತು, ರುಚಿ ಉಳಿಯಿತು.

ಈ ಪ್ಲೇಲ್ಯಾಂಡಿನ ಫನ್‌ಹೌಸ್ ಬಳಿ, ಗಾಜಿನ ಹಿಂದೆ ನಿಂತು ಜನರನ್ನು ಕರೆಯುತ್ತಿದ್ದವಳೇ ಸ್ಯಾಲ್. ಫಿಲಡೆಲ್ಫಿಯಾ ಟೊಬಾಗನ್ ಕಂಪನಿ 1930ರ ದಶಕದಲ್ಲಿ ಇಂಥ ಗೊಂಬೆಗಳನ್ನು ಅಮೆರಿಕದ ಪಾರ್ಕುಗಳಿಗೆಲ್ಲ ಮಾರುತ್ತಿತ್ತು. ಕಾಗದದ ಮುದ್ದೆಯಿಂದ ಮಾಡಿದ ದೇಹ, ಒಳಗೆ ಉಕ್ಕಿನ ಸ್ಪ್ರಿಂಗು ಮತ್ತು ಮೋಟಾರು. ನಗು ಮಾತ್ರ ಅವಳದಲ್ಲ. ಪೀಠದ ಒಳಗೆ ಗ್ರಾಮಫೋನ್, ಅದರಲ್ಲಿ ನಗುವಿನ 78 ಆರ್‌ಪಿಎಮ್ ಪ್ಲೇಟುಗಳು. ಪ್ಲೇಟುಗಳೆಲ್ಲ ಮುಗಿದಾಗ ಕೆಲಸದವರು ಬಂದು ಮತ್ತೆ ಜೋಡಿಸಿ ಇಡಬೇಕಿತ್ತು. ಪಾಪ, ದಿನವಿಡೀ ಆ ನಗುವನ್ನು ಕೇಳುತ್ತಾ ಅದನ್ನೇ ಮತ್ತೆ ಮತ್ತೆ ಹಚ್ಚುವ ಕೆಲಸ ಯಾರಿಗೆ ಬಿದ್ದಿತ್ತೋ!

*

ಈ ಯಂತ್ರಗಳ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಸ್ವಲ್ಪ ನೋಡೋಣ. ಇಲ್ಲದಿದ್ದರೆ ಇವನ್ನು ಉಳಿಸುವುದು ಯಾಕಷ್ಟು ಕಷ್ಟ ಎಂಬುದು ತಿಳಿಯುವುದಿಲ್ಲ.

ಅತ್ಯಂತ ಸರಳವಾದದ್ದು ಮ್ಯೂಟೋಸ್ಕೋಪ್. ಹರ್ಮನ್ ಕಾಸ್ಲರ್ ಎಂಬಾತ 1894ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಯಂತ್ರ. ಒಂದು ಗಾಲಿಯ ಸುತ್ತ ಸುಮಾರು 850 ಫೋಟೋ ಕಾರ್ಡುಗಳನ್ನು ಪುಸ್ತಕದ ಹಾಳೆಗಳಂತೆ ಸಿಕ್ಕಿಸಿರುತ್ತಾರೆ. ನಾಣ್ಯ ಹಾಕಿ, ಕಣ್ಣಿಟ್ಟು, ಹಿಡಿ ತಿರುಗಿಸಿದರೆ ಕಾರ್ಡುಗಳು ಪಟಪಟನೆ ಬಿದ್ದು ಚಿತ್ರ ಚಲಿಸುತ್ತದೆ. ಸ್ಕೂಲಿನಲ್ಲಿ ನೋಟ್‌ಬುಕ್ಕಿನ ಮೂಲೆಯಲ್ಲಿ ಗೊಂಬೆ ಬರೆದು ಪುಟ ಹಾರಿಸುತ್ತಿದ್ದೆವಲ್ಲ, ಅದೇ. ನೀವು ಮೆಲ್ಲಗೆ ತಿರುಗಿಸಿದರೆ ಸಿನೆಮಾ ಮೆಲ್ಲಗೆ, ಜೋರಾಗಿ ತಿರುಗಿಸಿದರೆ ಜೋರಾಗಿ.

ಎರಡನೆಯದು ಗಾಜಿನ ಪೆಟ್ಟಿಗೆಯೊಳಗಿನ ಗೊಂಬೆಯಾಟ. ಒಂದು ಮೋಟಾರು, ಅದು ತಿರುಗಿಸುವ ಒಂದು ಕಂಬಿ, ಕಂಬಿಯ ಮೇಲೆ ಅಂಕುಡೊಂಕಾದ ಅಂಚಿನ ತಟ್ಟೆಗಳು. ತಟ್ಟೆಯ ಉಬ್ಬು ಬಂದಾಗ ಅದಕ್ಕೆ ಒತ್ತಿಕೊಂಡ ಸನ್ನೆ ಏಳುತ್ತದೆ, ತಗ್ಗು ಬಂದಾಗ ಇಳಿಯುತ್ತದೆ. ಆ ಸನ್ನೆಗೆ ಕಟ್ಟಿದ ದಾರ ಗೊಂಬೆಯ ಕೈ ಎತ್ತುತ್ತದೆ ಅಥವಾ ಬಾಗಿಲು ತೆರೆಯುತ್ತದೆ. ಅಂದರೆ ಇಡೀ ನಾಟಕದ ಸ್ಕ್ರಿಪ್ಟ್ ಆ ತಟ್ಟೆಗಳ ಅಂಚಿನಲ್ಲೇ ಇದೆ. ಅಂಚು ಸವೆದರೆ ಗೊಂಬೆ ತನ್ನ ಪಾಠ ಮರೆತಂತೆ.

ಮೂರನೆಯದು ತನಗೆ ತಾನೇ ನುಡಿಯುವ ಪಿಯಾನೋ. ತೂತು ಕೊರೆದ ಕಾಗದದ ಸುರುಳಿ ಒಂದು ಹಿತ್ತಾಳೆ ಪಟ್ಟಿಯ ಮೇಲೆ ಸರಿಯುತ್ತದೆ. ತೂತು ಬಂದಲ್ಲಿ ಗಾಳಿ ಒಳನುಗ್ಗಿ, ಒಂದು ಪುಟ್ಟ ತಿದಿ ಕುಗ್ಗಿ, ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಟ್ಟೆ, ಚರ್ಮ, ರಬ್ಬರಿನ ಕೊಳವೆ, ಎಲ್ಲವೂ ವಯಸ್ಸಾದಂತೆ ಬಿರಿಯುವ ವಸ್ತುಗಳೇ. ಆಡದೆ ಬಿಟ್ಟರೆ ಕೀಲುಗಳ ಎಣ್ಣೆ ಗಟ್ಟಿಯಾಗುತ್ತದೆ, ಚರ್ಮ ಸೆಟೆಯುತ್ತದೆ. ಆಡಿಸಿದರೆ ಸವೆಯುತ್ತದೆ. ಎರಡೂ ಕಡೆಯಿಂದ ಕಷ್ಟ.

*

ಸರಿ, ಪ್ಲೇಲ್ಯಾಂಡಿನ ಕಥೆ ಇಲ್ಲಿ ಇನ್ನೊಂದು ದೊಡ್ಡ ಕಥೆಗೆ ತಾಗುತ್ತದೆ. ವಾಲ್ಟ್ ಡಿಸ್ನಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಕಟ್ಟಲು ಹೊರಟಾಗ ಅವರ ತಂಡದಲ್ಲಿ ಸಿನೆಮಾದವರೇ ತುಂಬಿದ್ದರು. ಪಾರ್ಕ್ ನಡೆಸುವುದು ಹೇಗೆಂದು ಅನುಭವದಿಂದ ಗೊತ್ತಿದ್ದ ಒಬ್ಬರು ಬೇಕಿತ್ತು. ಹಾಗೆ ಬಂದವರು ಜಾರ್ಜ್ ವಿಟ್ನಿ ಜೂನಿಯರ್, ಅಂದರೆ ಪ್ಲೇಲ್ಯಾಂಡಿನ ಜಾರ್ಜ್ ವಿಟ್ನಿಯ ಮಗ. ಡಿಸ್ನಿಲ್ಯಾಂಡಿನ ಏಳನೇ ನಂಬರಿನ ನೌಕರ. ಥೀಮ್ ಪಾರ್ಕ್ ಎಂಬುದು ಏಕಾಏಕಿ ಆಕಾಶದಿಂದ ಇಳಿದದ್ದಲ್ಲ, ಅದರ ಬೇರು ಇಂಥ ಕಡಲತಡಿಯ ಜಾತ್ರೆಗಳಲ್ಲೂ ಇದೆ.

1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅದರ ಮುಖ್ಯ ಬೀದಿಯಲ್ಲಿ ಒಂದು ಪೆನ್ನಿ ಆರ್ಕೇಡ್ ಇತ್ತು. ಮ್ಯೂಟೋಸ್ಕೋಪುಗಳು, ಎಸ್ಮೆರಾಲ್ಡಾ ಎಂಬ ಭವಿಷ್ಯ ಹೇಳುವ ಗೊಂಬೆ. 1957ರಲ್ಲಿ ಫ್ರಾಂಟಿಯರ್‌ಲ್ಯಾಂಡಿನಲ್ಲಿ ಗುರಿ ಹೊಡೆಯುವ ಆಟ ಬಂತು. ಆಗ ನಿಜವಾದ ಸೀಸದ ಗುಂಡುಗಳನ್ನೇ ಹಾರಿಸುತ್ತಿದ್ದರು. ದಿನವಿಡೀ ಗುಂಡು ಬಡಿದು ಗುರಿಗಳ ಬಣ್ಣ ಕಿತ್ತುಬರುತ್ತಿತ್ತು, ಪ್ರತಿ ರಾತ್ರಿ ಮತ್ತೆ ಬಣ್ಣ ಬಳಿಯಬೇಕಿತ್ತು. 1985ರಲ್ಲಿ ಗುಂಡು ಹೋಗಿ ಬೆಳಕಿನ ಕಿರಣದ ಬಂದೂಕು ಬಂತು.

ಆದರೆ ನನ್ನ ಕುತೂಹಲ ಕೆರಳಿಸಿದ್ದು 1967ರಲ್ಲಿ ಅಲ್ಲಿ ನ್ಯೂ ಆರ್ಲಿಯನ್ಸ್ ಸ್ಕ್ವೇರಿನಲ್ಲಿ ತೆರೆದ 'ಪೈರೇಟ್ಸ್ ಆರ್ಕೇಡ್ ಮ್ಯೂಸಿಯಂ'. ಪಕ್ಕದಲ್ಲೇ ಕಡಲ್ಗಳ್ಳರ ಸವಾರಿ, ಅದಕ್ಕೆ ಹೊಂದುವಂತೆ ಇಲ್ಲಿಯ ಆಟಗಳಿಗೂ ಕಡಲ್ಗಳ್ಳರ ವೇಷ. ಹೊರಗಿನ ಯಾವ ಅಂಗಡಿಯಲ್ಲೂ ಈ ರೂಪದಲ್ಲಿ ಸಿಗದ ಆಟಗಳು. 1980ರಲ್ಲಿ ಅದನ್ನು ಮುಚ್ಚಿ ಜಾಗವನ್ನು ಅಂಗಡಿಗೆ ಕೊಟ್ಟರು. ಅಲ್ಲಿಂದ ಉಳಿದುಬಂದವರಲ್ಲಿ ಹೆಸರುವಾಸಿ ಒಬ್ಬನೇ: 'ಫಾರ್ಚೂನ್ ರೆಡ್', ಕೆಂಪು ಗಡ್ಡದ ಕಡಲ್ಗಳ್ಳ. ನಾಣ್ಯ ಹಾಕಿದರೆ ನಿಧಿಯ ನಕ್ಷೆಯ ಮೇಲೆ ಕೈಯಾಡಿಸಿ ಭವಿಷ್ಯದ ಚೀಟಿ ಕೊಡುತ್ತಾನೆ. ನಮ್ಮ ಸ್ಟೇಷನ್ ಮಿಷನ್ನಿನ ದೂರದ ಸೋದರಮಾವ ಅನ್ನಬಹುದೇನೋ!

ಇಲ್ಲಿ ಒಂದು ವಿಷಯ ಗಮನಿಸಿ. ಪಾರ್ಕಿಗೆಂದೇ ಮಾಡಿಸಿದ ಯಂತ್ರಕ್ಕೆ ಆ ಪಾರ್ಕೇ ಪ್ರಪಂಚ. ಪಾರ್ಕಿನವರಿಗೆ ಆ ಜಾಗದಲ್ಲಿ ಟೀಶರ್ಟ್ ಮಾರಿದರೆ ಹೆಚ್ಚು ಲಾಭ ಎನ್ನಿಸಿದ ದಿನ ಆ ಯಂತ್ರದ ಆಯಸ್ಸು ಮುಗಿಯಿತು. ಇನ್ನೊಂದು ಊರಿನಲ್ಲಿ ಅದರ ಅಕ್ಕತಂಗಿಯರಿಲ್ಲ, ಬಿಡಿಭಾಗ ಮಾಡುವ ಕಾರ್ಖಾನೆ ಇಲ್ಲ. ದುಡಿಮೆ ಇರುವವರೆಗೆ ಎಲ್ಲರೂ ಎಣ್ಣೆ ಬಿಡುತ್ತಾರೆ, ಮಾರನೇ ದಿನ ಅದು ಬರೀ ಜಾಗ ತಿನ್ನುವ ಸಾಮಾನು.

*

1972ರ ಸೆಪ್ಟೆಂಬರ್ 4, ಅಮೆರಿಕದ ಕಾರ್ಮಿಕರ ದಿನ. ಪ್ಲೇಲ್ಯಾಂಡಿನ ಕೊನೆಯ ದಿನ. ಹಿರಿಯ ಜಾರ್ಜ್ ವಿಟ್ನಿ 1958ರಲ್ಲೇ ತೀರಿಕೊಂಡಿದ್ದರು. ರೋಲರ್ ಕೋಸ್ಟರನ್ನು ಅದಕ್ಕೂ ಮೊದಲು 1955ರಲ್ಲೇ ಕಿತ್ತುಹಾಕಿದ್ದರು. ಸೂತ್ರೋ ಬಾತ್ಸ್ ಮಾರಾಟವಾಗಿ, ಒಡೆಯುತ್ತಿದ್ದ ಹೊತ್ತಿನಲ್ಲಿ, 1966ರ ಜೂನಿನಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಪ್ಲೇಲ್ಯಾಂಡಿನ ಜಾಗವೂ ಮಾರಾಟವಾಗಿ, ಅಪಾರ್ಟ್‌ಮೆಂಟಿಗಾಗಿ ಎಲ್ಲವನ್ನೂ ನೆಲಸಮ ಮಾಡಿದರು.

ಇತಿಹಾಸಕ್ಕೆ ಎಂಥ ತಮಾಷೆಯ ಬುದ್ಧಿ ನೋಡಿ. ಅದೇ ಆಗಸ್ಟ್-ಸೆಪ್ಟೆಂಬರಿನ ಹೊತ್ತಿಗೆ, ಅಲ್ಲಿಂದ ಕಾರಿನಲ್ಲಿ ಒಂದು ಗಂಟೆ ದೂರದ ಸನಿವೇಲ್‌ನ ಒಂದು ಬಾರಿನಲ್ಲಿ, ಹೊಸದಾಗಿ ಹುಟ್ಟಿದ್ದ ಅಟಾರಿ ಎಂಬ ಕಂಪನಿ ತನ್ನ ಮೊದಲ 'ಪಾಂಗ್' ಯಂತ್ರವನ್ನು ಪರೀಕ್ಷೆಗೆಂದು ಇಟ್ಟಿತು. ಪರದೆಯ ಮೇಲೆ ಒಂದು ಚುಕ್ಕೆ, ಎರಡು ಗೆರೆ, ಅಷ್ಟೇ. ಕೆಲವು ದಿನಗಳಲ್ಲಿ ಯಂತ್ರ ಕೆಟ್ಟಿದೆ ಎಂದು ದೂರು ಬಂತಂತೆ. ಹೋಗಿ ನೋಡಿದರೆ ಕೆಟ್ಟಿರಲಿಲ್ಲ, ನಾಣ್ಯದ ಡಬ್ಬಿ ತುಂಬಿ ತುಳುಕಿತ್ತು! ಅಟಾರಿಯ ನೋಲನ್ ಬುಶ್ನೆಲ್ ಓದುವ ದಿನಗಳಲ್ಲಿ ಯೂಟಾದ ಲಗೂನ್ ಎಂಬ ಮನರಂಜನಾ ಪಾರ್ಕಿನ ಆಟದ ಅಂಗಡಿಗಳಲ್ಲಿ ದುಡಿದವರು. ಜನ ಯಾಕೆ ಮತ್ತೆ ಮತ್ತೆ ನಾಣ್ಯ ಹಾಕುತ್ತಾರೆ ಎಂಬುದನ್ನು ಅವರು ಕಲಿತದ್ದು ಕಾಲೇಜಿನಲ್ಲಲ್ಲ, ಜಾತ್ರೆಯಲ್ಲಿ. ಈಗ ಸನಿವೇಲ್‌ನಲ್ಲಿ ಕೋಡ್ ಬರೆಯುತ್ತಿರುವ ನಮ್ಮ ಕನ್ನಡದ ಹುಡುಗರು ಓಡಾಡುವ ರಸ್ತೆಗಳಲ್ಲೇ ಇದೆಲ್ಲ ನಡೆದದ್ದು.

ವಿಡಿಯೋ ಗೇಮ್ ಬಂದಮೇಲೆ ಆರ್ಕೇಡಿನ ಲೆಕ್ಕವೇ ಬದಲಾಯಿತು. ಸವೆಯುವ ದಾರವಿಲ್ಲ, ಬಿರಿಯುವ ತಿದಿ ಇಲ್ಲ, ಒಂದು ಆಟ ಹಳತಾದರೆ ಅದೇ ಪೆಟ್ಟಿಗೆಗೆ ಇನ್ನೊಂದು ಬೋರ್ಡು. ಉಳಿಸುವ ವಿಷಯದಲ್ಲೂ ಅಷ್ಟೇ. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ 'ಮೇಮ್' ಎಂಬ ಸಾಫ್ಟ್‌ವೇರ್ ಬಿಡುಗಡೆ ಮಾಡಿದರು. ಹಳೆಯ ಆರ್ಕೇಡ್ ಯಂತ್ರದ ಚಿಪ್ಪಿನಲ್ಲಿದ್ದ ಪ್ರೋಗ್ರಾಮನ್ನು ಓದಿಕೊಂಡು ಇವತ್ತಿನ ಕಂಪ್ಯೂಟರಿನಲ್ಲಿ ಅದೇ ಆಟವನ್ನು ನಡೆಸುವ ಸಾಫ್ಟ್‌ವೇರ್ ಅದು. ಪೆಟ್ಟಿಗೆ ಗುಜರಿಗೆ ಹೋದರೂ ಆಟ ಉಳಿಯುತ್ತದೆ.

ಸ್ಯಾಲ್‌ಗೆ ಆ ಭಾಗ್ಯವಿಲ್ಲ. ಅವಳ ನಗುವನ್ನು ಎಂಪಿ3 ಮಾಡಬಹುದು, ವಿಡಿಯೋ ತೆಗೆಯಬಹುದು. ಆದರೆ ಆಳಿಗಿಂತ ಎತ್ತರದ ಗೊಂಬೆಯೊಂದು ಗಾಜಿನ ಹಿಂದೆ ಧಡಧಡ ಅಲುಗಾಡುವಾಗ ಎದುರಿಗೆ ನಿಂತ ಮಗು ಅಮ್ಮನ ಸೆರಗು ಹಿಡಿಯುತ್ತದಲ್ಲ, ಅದನ್ನು ಯಾವ ಫೈಲಿನಲ್ಲಿ ಸೇವ್ ಮಾಡುವುದು? ತಟ್ಟೆಯ ಅಂಚಿನಲ್ಲಿ ಬರೆದ ಸ್ಕ್ರಿಪ್ಟನ್ನು ಓದಲು ಆ ತಟ್ಟೆಯೇ ಬೇಕು.

*

ಇನ್ನು ಉಳಿಸಿದವರ ಕಥೆ.

ಎಡ್ವರ್ಡ್ ಝೆಲಿನ್‌ಸ್ಕಿ ಸ್ಯಾನ್ ಫ್ರಾನ್ಸಿಸ್ಕೋದ ಹುಡುಗ. ಹನ್ನೊಂದನೇ ವಯಸ್ಸಿನಲ್ಲಿ ಬಿಂಗೋ ಆಟದಲ್ಲಿ ಬಹುಮಾನವಾಗಿ ಮೋಟಾರ್ ಆಯಿಲ್ ಗೆದ್ದನಂತೆ. ಹನ್ನೊಂದು ವರ್ಷದವನಿಗೆ ಮೋಟಾರ್ ಆಯಿಲ್ ಯಾಕೆ? ಅದನ್ನು ಮಾರಿ ಬಂದ ಪುಡಿಗಾಸಿನಲ್ಲಿ ಒಂದು ಪೆನ್ನಿ ಹಾಕಿ ಆಡುವ ಆಟದ ಯಂತ್ರ ಕೊಂಡ. ಅಲ್ಲಿಂದ ಹತ್ತಿದ ಹುಚ್ಚು ಜೀವನಪೂರ್ತಿ ಬಿಡಲಿಲ್ಲ. ಮನೆತನದ ಕಸುಬು ಕಟ್ಟಡಗಳಿಗೆ ಬಣ್ಣ ಹೊಡೆಸುವ ಕಂಟ್ರಾಕ್ಟು. ಅದರಲ್ಲಿ ದುಡಿದದ್ದನ್ನು ಇದರಲ್ಲಿ ಸುರಿದರು. ಬೇರೆಯವರು ಗುಜರಿ ಎಂದು ಎಸೆಯುತ್ತಿದ್ದ ಕಾಲಕ್ಕೆ ಒಂದೊಂದಾಗಿ ಕೊಂಡು ಸೇರಿಸಿ, ಸಂಗ್ರಹ 300ಕ್ಕೂ ಹೆಚ್ಚಾಯಿತು.

ಪ್ಲೇಲ್ಯಾಂಡ್ ಮುಚ್ಚಿದಮೇಲೆ ಈ ಯಂತ್ರಗಳು ಕ್ಲಿಫ್ ಹೌಸಿನ ನೆಲಮಾಳಿಗೆಗೆ ಬಂದವು. ಸಮುದ್ರದ ಉಪ್ಪುಗಾಳಿ ಕಬ್ಬಿಣಕ್ಕೆ ಎಂಥ ಶತ್ರು ಎಂಬುದು ಮಂಗಳೂರು, ಕಾರವಾರದ ಕಡೆಯವರಿಗೆ ಹೇಳಬೇಕಾಗಿಲ್ಲ. ಆದರೂ ಮೂವತ್ತು ವರ್ಷ ಅಲ್ಲೇ ನಡೆಸಿದರು. 2001ರ 'ದ ಪ್ರಿನ್ಸೆಸ್ ಡೈರೀಸ್' ಸಿನೆಮಾದಲ್ಲಿ ಕಬ್ಬಿಣದ ಕೈಯ ಜೊತೆ ಪಂಜ ಕುಸ್ತಿ ಆಡುವ ದೃಶ್ಯವಿದೆಯಲ್ಲ, ಅದು ಇದೇ ಮ್ಯೂಸಿಯಮ್ಮಿನದು. 2002ರಲ್ಲಿ ಕ್ಲಿಫ್ ಹೌಸ್ ದುರಸ್ತಿಗೆಂದು ಖಾಲಿ ಮಾಡಬೇಕಾಗಿ ಬಂತು. ಇನ್ನು ಈ ಯಂತ್ರಗಳ ಗತಿ ಏನೋ ಎಂದು ಊರಿನವರು ಸಾವಿರಾರು ಜನ ಸಹಿ ಹಾಕಿದರು. ಅದೇ ವರ್ಷ ಪಿಯರ್ 45ಕ್ಕೆ ಸ್ಥಳಾಂತರವಾಯಿತು. ಎಡ್ವರ್ಡ್ ಝೆಲಿನ್‌ಸ್ಕಿ 2004ರಲ್ಲಿ ತೀರಿಕೊಂಡರು. ರಿಪೇರಿಯ ಕೆಲಸ ಮಗ ಡ್ಯಾನ್ ಅವರ ಕೈಗೆ ಬಂತು.

ಅಲ್ಲಿ ಒಳಗೆ ಹೋಗಲು ಟಿಕೆಟ್ ಇಲ್ಲ. 'ಮುಟ್ಟಬೇಡಿ' ಎಂಬ ಬೋರ್ಡಿಗೂ ಅಲ್ಲಿ ಕೆಲಸವಿಲ್ಲ, ಎಲ್ಲವೂ ಆಡಲೆಂದೇ ಇಟ್ಟಿರುವುದು. ಚಿಲ್ಲರೆ ಮಾಡಿಸಿಕೊಂಡು, ಕ್ವಾರ್ಟರ್ ಹಾಕಿ ಆಡಬೇಕು. ಕ್ವಾರ್ಟರ್ ಅಂದರೆ ಡಾಲರಿನ ಕಾಲು ಭಾಗ, ನಮ್ಮ ಲೆಕ್ಕದಲ್ಲಿ ನಾಲ್ಕಾಣೆ. ನಮ್ಮ ನಾಲ್ಕಾಣೆ 2011ರಲ್ಲಿ ಚಲಾವಣೆಯಿಂದ ಹೋಯಿತು, ಅವರದು ಇನ್ನೂ ಭವಿಷ್ಯ ಹೇಳಿಸುತ್ತಿದೆ :-) ಆ ನಾಣ್ಯವೇ ಯಂತ್ರದ ಅನ್ನ. ನಾಣ್ಯ ಬಿದ್ದರೆ ರಿಪೇರಿಗೆ ಕಾಸು. ಅದಕ್ಕಿಂತ ಮುಖ್ಯವಾಗಿ, ನಾಣ್ಯ ಬಿದ್ದಾಗ ಯಂತ್ರ ಓಡುತ್ತದೆ, ಓಡಿದಾಗ ಎಲ್ಲಿ ಕಿರ್ ಅನ್ನುತ್ತಿದೆ ಎಂಬುದು ಗೊತ್ತಾಗುತ್ತದೆ.

"ಇದೆಲ್ಲ ಹಳೇದೇ ಏನೋ, ಇಲ್ಲಾ ಒಳಗೆ ಹೊಸ ಸಾಮಾನು ಹಾಕಿದಾರೋ?" ಅಂತ ಅಮ್ಮ ಕೇಳಿದ್ದರು. ಬೆಲ್ಟು, ವೈರು, ಸ್ಪ್ರಿಂಗು ಎಲ್ಲ ಆಗಾಗ ಬದಲಾಯಿಸಲೇಬೇಕಲ್ಲಮ್ಮ, ಹಾಗಿದ್ದಮೇಲೆ ಇದನ್ನು ಹಳೇದು ಅನ್ನಬೇಕೋ ಹೊಸದು ಅನ್ನಬೇಕೋ ಅಂತ ನಾನು ದೊಡ್ಡ ತತ್ವಜ್ಞಾನಿಯ ಹಾಗೆ ಶುರುಮಾಡಿದೆ. ಅಮ್ಮ ಅರ್ಧದಲ್ಲೇ ತಡೆದರು. "ರಥದ ಗಾಲಿ ಬದಲಾಯಿಸಿದ್ರೆ ರಥ ಬೇರೆ ಆಗತ್ತೇನೋ? ಎಳೀತಾ ಇದ್ರೆ ಅದೇ ರಥ."

ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಎಲ್ಲೂ ಓದಲಿಲ್ಲ.

*

ಹಾಗಂತ ಎಲ್ಲವೂ ಮುದ್ದು ಮುದ್ದಾದ ನೆನಪು ಎಂದುಕೊಳ್ಳಬೇಡಿ. ಆ ಗೋದಾಮಿನಲ್ಲಿ ಗಿಲೊಟಿನ್ನಿನಲ್ಲಿ ತಲೆ ಉರುಳಿಸುವ ಪೆಟ್ಟಿಗೆ ಇದೆ. ನಾಣ್ಯ ಹಾಕಿದರೆ ಬಾಗಿಲು ತೆರೆಯುತ್ತದೆ, ಕತ್ತಿ ಬೀಳುತ್ತದೆ, ಮುಗಿಯಿತು. 'ಓಪಿಯಂ ಡೆನ್' ಎಂಬ ಇನ್ನೊಂದು ಇದೆ. ಅಫೀಮು ಸೇದುತ್ತ ಬಿದ್ದುಕೊಂಡ ಚೀನೀಯರು, ಬಾಗಿಲಿನ ಹಿಂದಿನಿಂದ ಇಣುಕುವ ಅಸ್ಥಿಪಂಜರ. ಚೀನಾದಿಂದ ವಲಸೆ ಬಂದವರನ್ನು ಆ ಊರು ಒಂದು ಕಾಲಕ್ಕೆ ಹೇಗೆ ಕಂಡಿತ್ತು ಎಂಬುದು ಆ ಪೆಟ್ಟಿಗೆಯಲ್ಲಿದೆ. 1882ರಲ್ಲಿ ಚೀನೀ ಕೂಲಿಗಳು ಬರದಂತೆ ಅಮೆರಿಕ ಕಾನೂನನ್ನೇ ಮಾಡಿತ್ತು, ಅದು ರದ್ದಾದದ್ದು 1943ರಲ್ಲಿ. ನಾನೂ ಇಲ್ಲಿ ಹೊರಗಿನಿಂದ ಬಂದವನೇ. ಆ ಪೆಟ್ಟಿಗೆಯ ಮುಂದೆ ನಿಂತಾಗ ಕೈಯಲ್ಲಿದ್ದ ನಾಣ್ಯ ಕೈಯಲ್ಲೇ ಉಳಿಯಿತು.

ಇಂಥದ್ದನ್ನೂ ಉಳಿಸಬೇಕೆ? ತುಂಬಾ ಯೋಚಿಸಿದೆ. ಬೇಕು ಅನ್ನಿಸುತ್ತದೆ. ಎಸೆದುಬಿಟ್ಟರೆ, ಒಂದು ಕಾಲದ ಜನ ಏನನ್ನು ನೋಡಿ ನಗುತ್ತಿದ್ದರು, ಯಾರನ್ನು ನೋಡಿ ನಗುತ್ತಿದ್ದರು ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಆದರೆ ಪಕ್ಕದಲ್ಲಿ ನಾಲ್ಕು ಸಾಲು ಬರೆದಿಟ್ಟರೆ ಒಳ್ಳೆಯದು, ಯಾವಾಗಿನದು, ಯಾರನ್ನು ಕುರಿತದ್ದು, ಯಾಕೆ ಹೀಗೆ ಎಂದು. ಪುಸ್ತಕವಾದರೆ ಮುನ್ನುಡಿ ಇರುತ್ತದೆ, ಯಂತ್ರಕ್ಕೆ ಬಾಯಿಲ್ಲ.

ಅದೇ ಗೋದಾಮಿನಲ್ಲಿ ಹಲ್ಲುಕಡ್ಡಿಗಳಿಂದ ಮಾಡಿದ ಒಂದು ಪುಟ್ಟ ಪಾರ್ಕ್ ಇದೆ. ಜಾಯಿಂಟ್ ವೀಲ್, ರೋಲರ್ ಕೋಸ್ಟರ್ ಎಲ್ಲ ಕಡ್ಡಿಯಲ್ಲೇ. ಸ್ಯಾನ್ ಕ್ವೆಂಟಿನ್ ಜೈಲಿನ ಕೈದಿಗಳ ಕೈಕೆಲಸ ಎಂದು ಹೇಳುತ್ತಾರೆ. ಜೈಲಿನಲ್ಲಿ ಕೂತು ಮಕ್ಕಳ ಪಾರ್ಕನ್ನು ಕಡ್ಡಿ ಕಡ್ಡಿಯಾಗಿ ಕಟ್ಟಿದ ಆ ಕೈಗಳು ಯಾರವೋ. ಅದು ಇನ್ನೊಂದು ಇಲ್ಲ. ಹೋದರೆ ಹೋಯಿತು.

ಹೋಗಿಯೇ ಬಿಡುತ್ತಿತ್ತು. 2020ರ ಮೇ 23ರ ಬೆಳಗಿನ ಜಾವ ಪಿಯರ್ 45ರಲ್ಲಿ ಬೆಂಕಿ ಬಿತ್ತು. ಹಿಂಬದಿಯ 'ಶೆಡ್ ಸಿ' ಎಂಬ ಗೋದಾಮು ಪೂರ್ತಿ ಸುಟ್ಟು ಕುಸಿಯಿತು. ಮೀನುಗಾರರ ಬಲೆಗಳು, ಸಾವಿರಾರು ಏಡಿ ಬುಟ್ಟಿಗಳು ಬೂದಿಯಾದವು. ಪಕ್ಕದಲ್ಲೇ ಲಂಗರು ಹಾಕಿದ್ದ, ಎರಡನೇ ಮಹಾಯುದ್ಧದ ಕಾಲದ ಜೆರೆಮಾಯಾ ಓ'ಬ್ರಯನ್ ಹಡಗನ್ನು ಅಗ್ನಿಶಾಮಕ ದೋಣಿಯಿಂದ ನೀರು ಹಾಯಿಸಿ ಉಳಿಸಿದರು. ಮ್ಯೂಸೀ ಮೆಕಾನೀಕ್ ಇರುವುದು ಅದೇ ಪಿಯರಿನ 'ಶೆಡ್ ಎ'ಯಲ್ಲಿ. ಬೆಂಕಿ ಅಲ್ಲಿಯವರೆಗೆ ಬರಲಿಲ್ಲ, ಅಷ್ಟೇ. ಹನ್ನೊಂದು ವರ್ಷದ ಹುಡುಗನೊಬ್ಬ ಶುರುಮಾಡಿ, ಎರಡು ತಲೆಮಾರು ಕಾದುಕೊಂಡು ಬಂದದ್ದು ಒಂದು ಬೆಳಗಿನ ಜಾವದಲ್ಲಿ ಇಲ್ಲವಾಗುತ್ತಿತ್ತು. ಎಲ್ಲವನ್ನೂ ಒಂದೇ ಕಡೆ ಇಟ್ಟು ಕಾಯುವುದರ ಅಪಾಯ ಇದು. ಹಂಚಿಬಿಟ್ಟರೆ ಸಂಗ್ರಹವೇ ಚೆದುರುತ್ತದೆ. ಪ್ಲೇಲ್ಯಾಂಡಿನದೇ ಉದಾಹರಣೆ: ಮೆರ್ರಿ-ಗೋ-ರೌಂಡ್ ಎಲ್ಲೆಲ್ಲೋ ಅಲೆದು 1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಯೆರ್ಬಾ ಬ್ಯೂನಾ ಗಾರ್ಡನ್ಸ್‌ಗೆ ಮರಳಿತು. ಇನ್ನೊಬ್ಬಳು ಸ್ಯಾಲ್ 2004ರಲ್ಲಿ 50,000 ಡಾಲರಿಗೆ ಸಾಂತಾ ಕ್ರೂಜ್‌ನ ಕಡಲತಡಿಯ ಪಾರ್ಕಿಗೆ ಹೋದಳು.

*

ಕೊನೆಗೆ ಅಮ್ಮನ ಭವಿಷ್ಯ ಹೇಳಿ ಮುಗಿಸುತ್ತೇನೆ. ಗಾಜಿನ ಪೆಟ್ಟಿಗೆಯೊಳಗಿನ ಮೇಣದ ಮುಖದ ಅಜ್ಜಿಯ ಮುಂದೆ ನಿಂತು ನಾಣ್ಯ ಹಾಕಿದರು. ಅಜ್ಜಿಯ ಎದೆ ಉಸಿರಾಡುವಂತೆ ಏರಿಳಿಯಿತು, ಕೈ ಇಸ್ಪೀಟಿನ ಎಲೆಗಳ ಮೇಲೆ ಆಡಿತು, 'ಖಟಕ್', ಚೀಟಿ ಬಿತ್ತು. ನಾನು ಓದಿ ಹೇಳಿದೆ: ಶೀಘ್ರದಲ್ಲೇ ದೂರ ಪ್ರಯಾಣದ ಯೋಗವಿದೆ. "ಮುಂದಿನ ವಾರ ಊರಿಗೆ ಟಿಕೆಟ್ಟಾಗಿದೆ ಅಂತ ಈ ಮುದುಕಿಗೆ ಹೇಗೆ ಗೊತ್ತಾಯ್ತೋ!" ಅಂತ ಅಮ್ಮ ನಕ್ಕು ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡರು.

ಅವರು ಹೋದಮೇಲೆ ನನಗೆ ನಮ್ಮ ಜಾತ್ರೆಯ ರೋಬೋ ನೆನಪಾಯಿತು. ಗೊತ್ತಲ್ಲ? ತಗಡಿನ ಮೈ, ಎದೆಯಲ್ಲಿ ಓಡುವ ಬಣ್ಣದ ದೀಪಗಳು, ಅದರಿಂದ ಜೋತುಬಿದ್ದ ನಾಲ್ಕಾರು ಹೆಡ್‌ಫೋನ್‌ಗಳು. ದುಡ್ಡು ಕೊಟ್ಟು ಕಿವಿಗೆ ಹಾಕಿಕೊಂಡರೆ 'ಕಂಪ್ಯೂಟರ್ ಭವಿಷ್ಯ' ಕನ್ನಡದಲ್ಲೇ ಕೇಳುತ್ತಿತ್ತು. ಅದು ಯಾವ ಕಂಪನಿಯದೂ ಅಲ್ಲ, ಯಾರೋ ಒಬ್ಬ ರೇಡಿಯೋ ರಿಪೇರಿಯವನೋ ವೆಲ್ಡಿಂಗ್ ಅಂಗಡಿಯವನೋ ತನ್ನ ಕೈಯಾರೆ ಕಟ್ಟಿದ್ದಿರಬೇಕು. ಅದರೊಳಗಿನ ಕ್ಯಾಸೆಟ್ಟಿನಲ್ಲಿ ಭವಿಷ್ಯ ಹೇಳಿದ ದನಿ ಯಾರದು? ಆ ಕ್ಯಾಸೆಟ್ ಈಗ ಎಲ್ಲಿದೆ? ಆ ಸ್ಟೇಷನ್ನಿನ ತೂಕದ ಮಿಷನ್ ಯಾವ ಗುಜರಿಯಲ್ಲಿದೆ? ನಮ್ಮಲ್ಲೂ ಹನ್ನೊಂದು ವರ್ಷದ ಯಾವನಾದರೂ ಹುಚ್ಚ ಅದನ್ನು ಕೊಂಡು ಮನೆಯ ಅಟ್ಟದಲ್ಲಿ ಇಟ್ಟಿರಲಿ ಎಂದು ಆಸೆ. ಇಟ್ಟಿದ್ದರೆ ಒಂದೇ ಮಾತು, ಅಟ್ಟದಿಂದ ಇಳಿಸಿ, ಎಣ್ಣೆ ಬಿಟ್ಟು, ಪಕ್ಕದ ಮನೆಯ ಮಕ್ಕಳನ್ನು ಕರೆದು ಒಂದು ಸಲ ಆಡಿಸಿ. ಎಳೆದರೇ ರಥ.

ನಿಮ್ಮೂರಿನ ಜಾತ್ರೆಯಲ್ಲಿ, ಸ್ಟೇಷನ್ನಿನಲ್ಲಿ, ವಸ್ತುಪ್ರದರ್ಶನದಲ್ಲಿ ನೀವು ಕಂಡ ಇಂಥ ಯಂತ್ರ ಯಾವುದು? ಅದು ಏನು ಸದ್ದು ಮಾಡುತ್ತಿತ್ತು, ನಾಣ್ಯ ಎಷ್ಟು, ಚೀಟಿಯಲ್ಲಿ ಏನಿತ್ತು? ನೆನಪಿದ್ದಷ್ಟು ಬರೆದು ಹಾಕಿ. ಯಂತ್ರ ಹೋಗಿದ್ದರೂ ಅದರ ಪಕ್ಕದ ನಾಲ್ಕು ಸಾಲನ್ನಾದರೂ ನಾವು ಉಳಿಸೋಣ.

ಅಂದಹಾಗೆ, ಆ ನಗು ಇನ್ನೂ ಕಿವಿಯಲ್ಲಿದೆ...